ರಬ್ಬರ್ ಬಿಲ್ಲೆಯ ಬದಲಿಗೆ

ನಮ್ಮ ಪ್ರಯೋಗಾಲಯದಲ್ಲಿ ದಿನದ ಮೊದಲ ಕೆಲಸ ನನ್ನ ಎಡಗೆನ್ನೆಯನ್ನು ಅಳೆಯುವುದು.

ಅಳೆಯುವ ಯಂತ್ರಕ್ಕೆ ಉದ್ದನೆಯ ಹೆಸರೊಂದಿದೆ. ನಾವು ಹೀರುಗೊಳವೆ ಎನ್ನುತ್ತೇವೆ. ಮಾರ್ಕರ್ ಪೆನ್ನಿನಷ್ಟು ದಪ್ಪದ ಕೊಳವೆ, ತುದಿಯಲ್ಲಿ ಬಟಾಣಿ ಕಾಳಿಗಿಂತ ಚಿಕ್ಕ ತೂತು. ಕೆನ್ನೆಗೆ ಒತ್ತಿ ಗುಂಡಿ ಅದುಮಿದರೆ ತೂತು ಚರ್ಮವನ್ನು ಚೂರು ಒಳಗೆಳೆದುಕೊಂಡು, ಹಿಡಿದು, ಬಿಟ್ಟುಬಿಡುತ್ತದೆ. ಬಿಟ್ಟ ಮೇಲೆ ಚರ್ಮ ಎಷ್ಟರ ಮಟ್ಟಿಗೆ ಮೊದಲಿನ ಜಾಗಕ್ಕೆ ಹೋಯಿತು ಎನ್ನುವುದು ಪರದೆಯ ಮೇಲೆ ಬರುತ್ತದೆ. ಪೂರ್ತಿ ಹೋದರೆ ನೂರು. ಪೂರ್ತಿ ಯಾರದ್ದೂ ಹೋಗುವುದಿಲ್ಲ. ವಯಸ್ಸಾದ ಹಾಗೆ ಅಂಕಿ ಇಳಿಯುತ್ತದೆ. ಅದನ್ನು ಏರಿಸುತ್ತೇವೆ ಎಂದು ಹೇಳಿ ಕ್ರೀಮ್ ಮಾರುವುದು ನಮ್ಮ ಕಾರ್ಖಾನೆಯ ಉದ್ಯೋಗ.

ಯಂತ್ರದ ಜೊತೆ ಅದನ್ನು ಮಾಡಿದವರು ಒಂದು ರಬ್ಬರ್ ಬಿಲ್ಲೆ ಕೊಟ್ಟಿದ್ದರು. ಬೆಳಿಗ್ಗೆ ಮೊದಲು ಆ ಬಿಲ್ಲೆಯನ್ನು ಅಳೆಯಬೇಕು. ಬರಬೇಕಾದ ಅಂಕಿ ಬಂದರೆ ಯಂತ್ರ ಸರಿಯಿದೆ ಎಂದರ್ಥ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬಿಲ್ಲೆಗೇ ವಯಸ್ಸಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಹೊಸದು ತರಿಸಿ ಎಂದು ಕೇಳಿದಾಗ ಮಾಲೀಕರು ಅದರ ಬೆಲೆ ಕೇಳಿ ಕನ್ನಡಕ ತೆಗೆದರು.

"ಒಂದು ರಬ್ಬರ್ ಚೂರಿಗಾ? ಬೂಟಿನ ಅಟ್ಟೆ ಕತ್ತರಿಸಿ ಕೊಡ್ಲಾ?"

ಅವರ ತಂದೆಯ ಕಾಲದಲ್ಲಿ ಇಲ್ಲಿ ಬೂಟ್ ಪಾಲಿಶ್ ತಯಾರಾಗುತ್ತಿತ್ತು. ನಮ್ಮದು ಮೊದಲಿನಿಂದಲೂ ಚರ್ಮದ ಕೆಲಸವೇ ಎಂದು ಮಾಲೀಕರು ಬಂದವರಿಗೆಲ್ಲ ಹೇಳುತ್ತಾರೆ. ತಮಾಷೆಗೆ ಹೇಳುವುದಿಲ್ಲ.

ಆಗ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡಕ್ಕ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಇವಳು ಹೊತ್ತಿಗೆ ಸರಿಯಾಗಿ ತಿಂತಾಳೆ, ಮಲಗ್ತಾಳೆ. ಬಿಸಿಲಿಗೆ ಹೋಗಲ್ಲ. ಅಳೋದು ಯಾರೂ ನೋಡಿಲ್ಲ, ನಗೋದೂ ಕಮ್ಮಿ. ಇದಕ್ಕಿಂತ ಒಳ್ಳೆ ಬಿಲ್ಲೆ ಎಲ್ಲಿ ಸಿಗುತ್ತೆ?"

ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಅಳೆದು ನೋಡಿದೆವು. ಪ್ರತಿದಿನ ಎಂಬತ್ತೆರಡು. ಅಂದಿನಿಂದ ನಾನು ಬಿಲ್ಲೆಯಾದೆ. ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಅವನು ನನ್ನನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಬಿಲ್ಲೆ, ಉಪ್ಪು ಕೊಡು. ಬಿಲ್ಲೆ, ಬೀಗದಕೈ ಎಲ್ಲಿ?

ದೊಡ್ಡಕ್ಕ ಯಾರಿಗೂ ಅಕ್ಕ ಅಲ್ಲ. ಅಣ್ಣಂದಿರ ಸಾಲಿನ ಕೊನೆಗೆ ಹುಟ್ಟಿದವರು. ಆದರೂ ಗೇಟಿನ ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ದೊಡ್ಡಕ್ಕ. ನನಗೆ ಕೆಲಸ ಕೊಡಿಸಿದವರೂ ಅವರೇ. ಸಂದರ್ಶನದಲ್ಲಿ ಮಾಲೀಕರು ನನ್ನ ಪದವಿಯ ಬಗ್ಗೆ ಕೇಳುತ್ತಿದ್ದಾಗ ಅವರು ನಡುವೆ ಬಾಯಿ ಹಾಕಿ, "ಕೈ ನಡುಗಲ್ಲ ತಾನೇ?" ಎಂದಷ್ಟೇ ಕೇಳಿದ್ದರು.

ಅವರ ಜೀವ ಇದ್ದದ್ದು ಪೊರೆಯಲ್ಲಿ. ಮೊಟ್ಟೆ ಒಡೆದರೆ ಸಿಪ್ಪೆಯ ಒಳಮೈಗೆ ತೆಳ್ಳಗೆ ಬಿಳಿಯ ಪೊರೆಯೊಂದು ಅಂಟಿಕೊಂಡಿರುತ್ತದಲ್ಲ, ಅದು. ಬೀದಿಯ ತುದಿಯ ಬೇಕರಿಯಿಂದ ದಿನವೂ ಒಂದು ಬಕೆಟ್ ಸಿಪ್ಪೆ ಬರುತ್ತಿತ್ತು. ದೊಡ್ಡಕ್ಕ ಅದನ್ನು ತೊಳೆದು, ಪೊರೆ ಸುಲಿದು, ಕರಗಿಸಿ, ಸೋಸಿ, ಕೊನೆಗೆ ಒಂದು ಸೀಸೆಯಷ್ಟು ತೆಳು ಹಳದಿ ನೀರು ಮಾಡುತ್ತಿದ್ದರು. ಆ ನೀರು ಕ್ರೀಮಿಗೆ ಬೆರೆತರೆ ಜೋತುಬಿದ್ದ ಚರ್ಮ ಬಿಗಿಯಾಗುತ್ತದೆ ಎನ್ನುವುದು ಅವರ ನಂಬಿಕೆ. ಇಡೀ ಕೋಣೆ ಹಸಿ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ನಮಗೆ ಅಭ್ಯಾಸವಾಗಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಆಗಿರಲಿಲ್ಲ.

ನಾನು ಓದಿದ್ದು ಬೇರೆ. ಚರ್ಮವನ್ನು ಬಿಗಿಮಾಡುತ್ತದೆ ಎನ್ನಲು ಸಾಕಷ್ಟು ಸಾಕ್ಷಿ ಇರುವುದು ರೆಟಿನಾಲ್ ಎಂಬ ರಾಸಾಯನಿಕಕ್ಕೆ. ಆದರೆ ಅದು ಮೊದಮೊದಲು ಮುಖವನ್ನು ಕೆಂಪಾಗಿಸಿ ಚರ್ಮ ಸುಲಿಯುವ ಹಾಗೆ ಮಾಡುತ್ತದೆ. ಮಾಲೀಕರಿಗೆ ದೂರು ಬರುವುದು ಇಷ್ಟವಿಲ್ಲ. ನಮ್ಮ ಕ್ರೀಮುಗಳಲ್ಲೆಲ್ಲ ಇರುವ ಗ್ಲಿಸರಿನ್ ನೀರನ್ನು ಹಿಡಿದುಕೊಂಡು ಚರ್ಮವನ್ನು ಉಬ್ಬಿಸುತ್ತದೆ, ಸ್ವಲ್ಪ ಹೊತ್ತು. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನು ಕೊಲಾಜನ್ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಅದರ ಅಣು ಎಷ್ಟು ದೊಡ್ಡದೆಂದರೆ ಚರ್ಮದ ಹೊಸ್ತಿಲಲ್ಲೇ ಕೂತಿದ್ದು, ಮುಖ ತೊಳೆದಾಗ ಎದ್ದು ಹೋಗುತ್ತದೆ. ಪೊರೆಯಲ್ಲಿರುವುದೂ ಅಂಥದ್ದೇ. ದೊಡ್ಡಕ್ಕನಿಗೆ ಇದೆಲ್ಲ ಗೊತ್ತಿತ್ತು. ಅದನ್ನು ಒಳಗೆ ಹೋಗುವಷ್ಟು ಚಿಕ್ಕದಾಗಿ ತುಂಡರಿಸುವ ದಾರಿಯನ್ನೇ ಅವರು ಹುಡುಕುತ್ತಿದ್ದದ್ದು. ನನ್ನ ಓದಿಗಿಂತ ಮುಂಚಿನಿಂದ.

ಎರಡು ಸಲ ಸೋತಿದ್ದರು. ವರ್ಷದ ಕೊನೆಗೆ ಅವರ ನಿವೃತ್ತಿ. ಮಾಲೀಕರು ಮೂರನೆಯ ಸಲ ಒಪ್ಪಿದರು.

"ಇದೇ ಕೊನೆ, ದೊಡ್ಡಕ್ಕ. ಕೆನ್ನೆ ಏರಿದ್ರೆ ನಿಮ್ಮ ಪೊರೆ ಡಬ್ಬಿಗೆ. ಏರದಿದ್ರೆ ಚರಂಡಿಗೆ. ಆಮೇಲೆ ನನ್ನ ಮೇಲೆ ಮುನಿಸ್ಕೋಬಾರದು."

"ಮುನಿಸ್ಕೊಂಡ್ರೆ ನಿಮಗೆ ಗೊತ್ತಾಗುತ್ತಾ?" ಎಂದರು ದೊಡ್ಡಕ್ಕ.

ಐವತ್ತು ದಾಟಿದ ಹೆಂಗಸರನ್ನು ಕರೆದೆವು. ಅವರ ಕೆನ್ನೆ ಅಳೆದು, ಕ್ರೀಮ್ ಕೊಟ್ಟು ಕಳಿಸುವುದು. ಮೂರು ತಿಂಗಳ ನಂತರ ಮತ್ತೆ ಅಳೆಯುವುದು. ಅರ್ಧ ಜನಕ್ಕೆ ಪೊರೆ ಇಲ್ಲದ ಬರೀ ಕ್ರೀಮ್ ಕೊಡೋಣ, ಹೋಲಿಸಿ ನೋಡಲು ಬೇಕಾಗುತ್ತದೆ ಎಂದು ನಾನು ಹೇಳಿದೆ. ಮಾಲೀಕರು ಅದನ್ನು ಗಮನವಿಟ್ಟು ಕೇಳಿದರು.

"ಅಂದ್ರೆ ಕೆಲಸ ಮಾಡದೇ ಇರೋ ಕ್ರೀಮನ್ನ, ನಾವೇ ಮಾಡಿ, ನಾವೇ ಪುಕ್ಕಟೆ ಕೊಟ್ಟು, ಕೆಲಸ ಮಾಡ್ಲಿಲ್ಲ ಅಂತ ನಾವೇ ಬರ್ಕೊಳ್ಳೋದು."

"ಹೌದು."

"ಬೇಡಮ್ಮ."

ಮೊದಲ ಅಳತೆ ಮುಗಿಯಿತು. ಅದಾದ ಮೇಲೆ ನನ್ನ ಗಂಡ ತೀರಿಕೊಂಡ.

ಅವನದು ಲಿಫ್ಟ್ ರಿಪೇರಿಯ ಕೆಲಸ. ಲಿಫ್ಟಿನಿಂದ ಬಿದ್ದು ಸತ್ತ ಎಂದು ಜನ ತಾವೇ ಅಂದುಕೊಳ್ಳುತ್ತಾರೆ. ಅಲ್ಲ, ಜ್ವರ. ಜ್ವರ ಎಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ, ಬರೀ ಜ್ವರವಾ ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ.

ಮನೆಯಲ್ಲಿ ನಾನು ಮತ್ತು ಅತ್ತೆ ಉಳಿದೆವು. ಅವನಿಗೆ ತಂದೆ ಮೊದಲೇ ಇರಲಿಲ್ಲ. ಅತ್ತೆ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಇಡೀ ಆಯುಷ್ಯ ದುಡಿದವರು, ಈಗ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಸ್ವಲ್ಪ ದಿನ ಬಿಟ್ಟು ನಾನು ಕೆಲಸಕ್ಕೆ ಹೊರಟಾಗ, "ಹೋಗು, ಮನೇಲಿ ಕೂತು ಗೋಡೆ ಸವೆಸ್ಬೇಡ," ಎಂದರು.

ಮರಳಿ ಹೋದ ದಿನ ಬೆಳಿಗ್ಗೆ ಎಂದಿನಂತೆ ಕುರ್ಚಿಯಲ್ಲಿ ಕೂತೆ. ದೊಡ್ಡಕ್ಕ ಕೊಳವೆ ಒತ್ತಿದರು. ಪರದೆ ನೋಡಿದರು. ಮತ್ತೊಮ್ಮೆ ಒತ್ತಿದರು. ಮೂರನೆಯ ಸಲ ಒತ್ತಿ, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಎಷ್ಟು?" ಎಂದೆ.

"ಎಪ್ಪತ್ತೈದು ತೋರಿಸ್ತಿದೆ. ಯಂತ್ರಕ್ಕೆ ಏನೋ ಬಂದಿದೆ."

ರಿಪೇರಿಯವನು ಬಂದ. ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ಊದಿದ, ವೈರು ಅಲ್ಲಾಡಿಸಿ ನೋಡಿದ. ಏನೂ ಕೆಟ್ಟ ಹಾಗೆ ಕಾಣುತ್ತಿಲ್ಲವಲ್ಲ ಎಂದ.

"ಕಾಣ್ದೇ ಇದ್ರೆ ಕೆಟ್ಟಿಲ್ಲ ಅಂತಾನಾ? ಇವಳದು ಎಂಬತ್ತೆರಡು ಬರ್ಬೇಕು. ಅದಕ್ಕೆ ತಂದು ನಿಲ್ಲಿಸು," ಎಂದರು ದೊಡ್ಡಕ್ಕ.

ಅವನು ಒಳಗಿನ ಪುಟ್ಟ ಸ್ಕ್ರೂ ತಿರುಗಿಸುತ್ತ ಹೋದ, ನಾನು ಕೆನ್ನೆ ಕೊಟ್ಟುಕೊಂಡು ಕೂತೆ. ಎಂಬತ್ತೆರಡು ಬಂದಾಗ ನಿಲ್ಲಿಸಿದ. ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಹಾಕಿಕೊಂಡ ಬಟ್ಟೆ ಮೈಗೆ ಎಂದಿನಂತೆ ಸರಿಯಾಗಿ ಕೂತಿತ್ತು. ಹಲ್ಲುಜ್ಜುವಾಗ ಬಿಟ್ಟರೆ ನಾನು ಕನ್ನಡಿ ನೋಡುತ್ತಿರಲಿಲ್ಲ. ಆಗಲೂ ನೋಡುತ್ತಿದ್ದದ್ದು ಹಲ್ಲು.

ಮೂರು ತಿಂಗಳು ಕಳೆದು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವವಳ ಕೆನ್ನೆ ಏರಿತ್ತು. ಹೂವಿನ ಅಂಗಡಿಯವಳದು ಏರಿತ್ತು. ಅವಳಿ ಅಕ್ಕತಂಗಿಯರಿಬ್ಬರದೂ ಏರಿತ್ತು, ಒಬ್ಬಳದು ಕೊಂಚ ಕಡಿಮೆ ಎಂದು ಅಲ್ಲೇ ಜಗಳವಾಯಿತು. ಏರದ ಕೆನ್ನೆ ಒಂದೂ ಇರಲಿಲ್ಲ. ಎಲ್ಲರದೂ ಆರೋ ಏಳೋ ಏರಿತ್ತು. ದೊಡ್ಡಕ್ಕ ಪ್ರತಿ ಅಂಕಿಗೂ "ಹೂಂ" ಎನ್ನುತ್ತಿದ್ದರು. ಆದರೆ ಪೊರೆ ಸುಲಿಯುವಾಗ ಸಣ್ಣ ದನಿಯಲ್ಲಿ ಹಾಡಿಕೊಳ್ಳುವುದು ಕೇಳಿಸಿತು. ಅವರಿಗೆ ಹಾಡಲು ಬರುವುದಿಲ್ಲ.

ಮಾಲೀಕರು ಡಬ್ಬಿಯ ಬಣ್ಣ ಆರಿಸತೊಡಗಿದರು. ಮೇಲೆ ಏನು ಬರೆಸುವುದು ಎಂದು ಮೂರು ದಿನ ಯೋಚಿಸಿ 'ಗಟ್ಟಿ ಕೆನ್ನೆ' ಎಂದು ಇಟ್ಟರು. ಕೆಳಗೆ ಚಿಕ್ಕದಾಗಿ ದೊಡ್ಡಕ್ಕನ ಸಹಿಯನ್ನೂ ಅಚ್ಚು ಹಾಕಿಸೋಣ ಎಂದರು. ದೊಡ್ಡಕ್ಕ ಬೇಡ ಬೇಡ ಎಂದು, ಅಂದು ಸಂಜೆ ಹಳೆಯ ಕಾಗದದ ಹಿಂಬದಿಯಲ್ಲಿ ಸಹಿ ಹಾಕಿ ಹಾಕಿ ನೋಡುತ್ತಿದ್ದದ್ದನ್ನು ನಾನು ಕಂಡೆ. ಚೆನ್ನಾಗಿ ಬಂದದ್ದನ್ನು ಕತ್ತರಿಸಿ ಇಟ್ಟುಕೊಂಡರು.

ಎಲ್ಲರ ಕೊನೆಗೆ ಬಂದವರು ಡ್ರಿಲ್ ಟೀಚರ್. ಶಾಲೆಯಿಂದ ನಿವೃತ್ತರಾಗಿದ್ದರೂ ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು. ಕೂರಿ ಎಂದರೆ ಕೂರುವ ಮುಂಚೆ ಕುರ್ಚಿಯನ್ನು ಅಲ್ಲಾಡಿಸಿ ಪರೀಕ್ಷಿಸಿದರು. ದೊಡ್ಡಕ್ಕ ಆಗ ಮಾಲೀಕರ ಕೋಣೆಯಲ್ಲಿದ್ದರು, ನಾನೊಬ್ಬಳೇ ಅಳೆದೆ. ಅವರದೂ ಏಳು ಏರಿತ್ತು.

"ಅಭಿನಂದನೆ," ಎಂದೆ. "ನಿಮ್ಮ ಕೆನ್ನೆ ಗಟ್ಟಿಯಾಗಿದೆ."

"ಹೌದಾ? ಯಾಕೆ?"

"ಕ್ರೀಮ್ ಹಚ್ಚಿದ್ದಕ್ಕೆ."

ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. ತಗ್ಗಿಸಿದರೂ ಅದು ಮೈದಾನದ ಆಚೆಗೆ ಕೇಳುವ ದನಿ.

"ನೋಡಮ್ಮ, ಬೈಕೋಬೇಡ. ಮುಖಕ್ಕೆ ಒಂದು ದಿನ ಹಚ್ಚಿದೆ. ನಮ್ಮನೆ ನಾಯಿ ಬಂದು ನೆಕ್ಕೋಕೆ ಶುರು ಮಾಡ್ತು, ಬಿಡ್ಲೇ ಇಲ್ಲ. ಏನಿದೆ ಅದರಲ್ಲಿ, ಮೊಟ್ಟೆನಾ? ಆಮೇಲೆ ಚೆಲ್ಲೋದ್ಯಾಕೆ ಅಂತ ಹಿಮ್ಮಡಿಗೆ ಹಚ್ಚಿ ಕಾಲುಚೀಲ ಹಾಕ್ಕೊಂಡೆ. ಡಬ್ಬಿ ಪೂರ್ತಿ ಹಿಮ್ಮಡಿಗೇ ಹೋಯ್ತು."

"ಕೆನ್ನೆಗೆ?"

"ಕೆನ್ನೆಗೆ ಏನಿಲ್ಲ. ತಣ್ಣೀರು."

ನಾನು ಮತ್ತೊಮ್ಮೆ ಅಳೆದೆ. ಅದೇ ಬಂತು. ಮಾಲೀಕರು ಬೇಡ ಎಂದಿದ್ದ ಹೋಲಿಕೆಯ ಗುಂಪು ತಾನಾಗಿ ನಡೆದುಕೊಂಡು ಬಂದಿತ್ತು, ಒಬ್ಬರೇ ಆದರೂ.

"ಹಿಮ್ಮಡಿಗೆ ಹಚ್ಚಿದ್ರೆ ಕೆನ್ನೆ ಗಟ್ಟಿಯಾಗುತ್ತಾ?" ಎಂದು ಕೇಳಿದರು ಡ್ರಿಲ್ ಟೀಚರ್.

"ಇಲ್ಲ."

"ಮತ್ತೆ ಇದು?"

"ನೋಡಿ ಹೇಳ್ತೀನಿ," ಎಂದೆ.

ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹಚ್ಚದ ಕೆನ್ನೆ ಏಳು ಏರಿದ್ದರೆ ಏರಿದ್ದು ಕೆನ್ನೆಯಲ್ಲ, ಯಂತ್ರ. ಯಂತ್ರ ಏರಿದ್ದು ಸ್ಕ್ರೂ ತಿರುಗಿಸಿದಾಗ. ತಿರುಗಿಸಿದ್ದು ನನ್ನ ಕೆನ್ನೆಗೆ ಸರಿಯಾಗಿ. ಹಾಗಾದರೆ ಯಂತ್ರ ಮೊದಲೇ ಸರಿಯಿತ್ತು, ಮತ್ತು ನನ್ನ ಕೆನ್ನೆ… ಇಲ್ಲಿಗೆ ಬಂದು ಯೋಚನೆ ನಿಂತುಬಿಡುತ್ತಿತ್ತು. ನಾನು ಬದಲಾಗಿರಲಿಲ್ಲ. ಬಟ್ಟೆ ಸರಿಯಾಗಿತ್ತಲ್ಲ.

ಮನೆಗೆ ಬಂದು ಬಟ್ಟೆ ಬದಲಿಸುವಾಗ ಪ್ಯಾಂಟನ್ನು ಒಳಮೈ ಹೊರಗೆ ಮಾಡಿದೆ. ಸೊಂಟದ ಎರಡೂ ಕಡೆ ಒಳಗೆ ಮಡಚಿ ಹೊಲಿದಿತ್ತು. ಒಂದು ಸಾಲು, ಅದರ ಒಳಗೆ ಇನ್ನೊಂದು ಸಾಲು. ಕಪಾಟು ತೆಗೆದೆ. ಎಲ್ಲ ಪ್ಯಾಂಟಿಗೂ ಹಾಗೇ. ಅಂಗಿಗಳ ಪಕ್ಕೆಯಲ್ಲೂ ಹಾಗೇ. ಅಂಗಡಿಯಲ್ಲಿ ಹೊಲಿದ ಹಾಗೆ ನೇರ ಹೊಲಿಗೆ.

ಪ್ಯಾಂಟು ಹಿಡಿದುಕೊಂಡು ಹೊರಗೆ ಬಂದೆ. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕಿಟಕಿ ಪರದೆಗೆ ಅಂಚು ಹೊಲಿಯುತ್ತಿದ್ದರು.

"ಅತ್ತೆ, ಇದನ್ನ ಟೈಟ್ ಮಾಡಿದ್ಯಾರು?"

"ದೆವ್ವ. ಈ ಮನೇಲಿ ಹೊಲಿಗೆ ಬರೋರು ಇನ್ಯಾರಿದಾರೆ?"

"ಹೇಳ್ಲೇ ಇಲ್ಲ."

"ಹೇಳಿದ್ರೆ ಏನ್ ಮಾಡ್ತಿದ್ದೆ? ಸರಿ ಅತ್ತೆ ಅಂತಿದ್ದೆ. ಏನ್ ಹೇಳಿದ್ರೂ ಸರಿ ಅತ್ತೆ. ಮೊನ್ನೆ ಅಡುಗೆಗೆ ಬೇಕು ಅಂತಾನೇ ಉಪ್ಪು ಹಾಕಿರ್ಲಿಲ್ಲ. ಹೇಗಿದೆಯೇ ಅಂದೆ. ಚೆನ್ನಾಗಿದೆ ಅತ್ತೆ ಅಂತ ಎದ್ದು ಕೈ ತೊಳ್ಕೊಂಡೆ."

"ಎರಡು ಸಾಲು ಇದೆ."

"ನೀನು ಎರಡು ಸಲ ಇಳಿದೆ, ಎರಡು ಸಾಲು. ಪ್ಯಾಂಟು ಜಾರಿ ರಸ್ತೇಲಿ ಬಿದ್ರೆ ಜನ ನಿನ್ನನ್ನ ಅನ್ನಲ್ಲ. ಅತ್ತೆ ಊಟ ಹಾಕಲ್ಲ ಅಂತ ನನ್ನನ್ನ ಆಡ್ಕೋತಾರೆ." ಅವರು ದಾರ ಕಚ್ಚಿ ತುಂಡು ಮಾಡಿದರು. "ಕತ್ತರಿಸಿಲ್ಲ ಮತ್ತೆ. ಒಳಗೆ ಮಡಚಿದೀನಿ ಅಷ್ಟೇ. ಬಿಚ್ಚೋಕೆ ಬರುತ್ತೆ."

ಬಚ್ಚಲಿಗೆ ಹೋಗಿ ದೀಪ ಹಾಕಿ ಕನ್ನಡಿ ನೋಡಿದೆ. ಹಲ್ಲಲ್ಲ, ಕೆನ್ನೆ. ಎಪ್ಪತ್ತೈದು. ಯಂತ್ರ ಸರಿಯಾಗಿಯೇ ಹೇಳಿತ್ತು.

ಮಾರನೆಯ ದಿನ ನಾನು ಹೋಗುವ ಹೊತ್ತಿಗೆ ದೊಡ್ಡಕ್ಕ ಬಕೆಟ್ ಮುಂದಿಟ್ಟುಕೊಂಡು ಸಿಪ್ಪೆ ಸುಲಿಯುತ್ತಿದ್ದರು. ಮಧ್ಯಾಹ್ನ ಡಬ್ಬಿಯ ಲೇಬಲ್ ಅಚ್ಚಿಗೆ ಹೋಗುವುದಿತ್ತು. ನಾನು ಎದುರಿನ ಸ್ಟೂಲಿನಲ್ಲಿ ಕೂತೆ.

"ಡ್ರಿಲ್ ಟೀಚರ್ ಮುಖಕ್ಕೆ ಹಚ್ಚಿಲ್ಲ, ದೊಡ್ಡಕ್ಕ. ಹಿಮ್ಮಡಿಗೆ ಹಚ್ಚಿದಾರೆ. ಆದ್ರೂ ಏಳು ಏರಿದೆ."

ಅವರ ಕೈ ನಿಲ್ಲಲಿಲ್ಲ. ಸಿಪ್ಪೆಯಿಂದ ಪೊರೆ ಎಲ್ಲೂ ಹರಿಯದೆ ಇಡಿಯಾಗಿ ಎದ್ದು ಬಂತು.

"ಅವತ್ತು ಯಂತ್ರ ಕೆಟ್ಟಿರ್ಲಿಲ್ಲ," ಎಂದೆ. "ನನ್ನ ಕೆನ್ನೆ ಇಳಿದಿತ್ತು."

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಂಗೆ ಅವತ್ತೇ."

ಅವರು ಇನ್ನೊಂದು ಸಿಪ್ಪೆ ಎತ್ತಿಕೊಂಡರು. ಸುಲಿಯಲಿಲ್ಲ, ಹಿಡಿದುಕೊಂಡು ಕೂತರು.

"ಮೂರು ಸಲ ಅಳೆದ್ನಲ್ಲ. ನೀನು ಬಸ್ಸಿಗೆ ಕಾಯೋರ ಥರ ಕೂತಿದ್ದೆ. ಗಂಡ ಹೋಗಿ ಎಷ್ಟು ದಿನ ಆಗಿತ್ತು? ನಿನ್ನ ಮುಖ ಇಳಿದಿದೆ ಕಣೇ ಅಂತ ಹೇಳ್ಬೇಕಿತ್ತಾ? ಬಾಯಿಗೆ ಬರ್ಲಿಲ್ಲ. ಯಂತ್ರ ಕೆಟ್ಟಿದೆ ಅನ್ನೋದು ಬಂತು. ಯಂತ್ರಕ್ಕೆ ಬೇಜಾರಾಗಲ್ವಲ್ಲ."

"ಆಮೇಲೆ?"

"ಆಮೇಲೆ ಅವನು ಸ್ಕ್ರೂಡ್ರೈವರ್ ತಗೊಂಡು ಬಂದ. ಅವನ ಮುಂದೆ ಹೇಳೋದಾ? ಇವಳು ನಾಲ್ಕು ದಿನ ಸರಿಯಾಗಿ ಉಂಡ್ರೆ ತಾನೇ ಏರ್ತಾಳೆ, ಆಗ ಸ್ಕ್ರೂ ವಾಪಸ್ ತಿರುಗಿಸಿದ್ರಾಯ್ತು ಅಂದ್ಕೊಂಡೆ. ನೀನು ಏರ್ಲಿಲ್ಲ. ಅಷ್ಟರಲ್ಲಿ ಊರವರೆಲ್ಲ ಏರಿದ್ರು."

"ಅವರು ಏರಿದಾಗ ಗೊತ್ತಾಗ್ಲಿಲ್ವಾ?"

"ಅರ್ಧ ಯಂತ್ರ, ಅರ್ಧ ಪೊರೆ ಇರ್ಬಹುದು ಅಂತ ಲೆಕ್ಕ ಹಾಕ್ದೆ." ಅವರು ಸಿಪ್ಪೆಯನ್ನು ಬಕೆಟ್ಟಿಗೆ ಹಾಕಿದರು. "ದಿನಾ ಮನೆಗೆ ಹೋಗ್ತಾ ಪೊರೆ ಪಾಲು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಹೋದೆ."

ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ಯೋಚಿಸಿದೆ. ಆ ಕ್ರೀಮಿನಿಂದ ಯಾರ ಮುಖವೂ ಕೆಡುವುದಿಲ್ಲ. ಕೊಳ್ಳುವವರಿಗೆ ಸ್ವಲ್ಪ ಗ್ಲಿಸರಿನ್ ಸಿಗುತ್ತದೆ, ಕೆಲವರಿಗೆ ನಾಯಿ ಹತ್ತಿರ ಬರುತ್ತದೆ. ದೊಡ್ಡಕ್ಕನ ಸಹಿ ಅಂಗಡಿಗಳ ಕಪಾಟಿನಲ್ಲಿ ಇರುತ್ತದೆ.

"ಏನ್ ಮಾಡೋಣ?" ಎಂದರು ದೊಡ್ಡಕ್ಕ.

"ನೀವು ಹೇಳಿದ ಹಾಗೆ."

"ನೋಡು, ಇದೇ. ಏನ್ ಕೇಳಿದ್ರೂ ನೀವು ಹೇಳಿದ ಹಾಗೆ. ರಬ್ಬರ್ ಬಿಲ್ಲೆನೇ ಪರವಾಗಿಲ್ಲ, ಒತ್ತಿದ್ರೆ ವಾಪಸ್ ಬರೋದು. ಓದಿರೋಳು ನೀನು. ಇದೊಂದು ಸಲ ನೀನೇ ಹೇಳು."

ಹೇಳಿದರೆ ಅವರ ಪೊರೆ ಚರಂಡಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಕೇಳಿಬಿಟ್ಟು ಅವರು ಬಕೆಟ್ಟಿನೊಳಗೆ ನೋಡುತ್ತ ಕೂತರು.

"ಎಲ್ಲರನ್ನೂ ಮತ್ತೆ ಅಳೀಬೇಕು," ಎಂದೆ.

ಅವರು ಎದ್ದರು. "ಕೈ ತೊಳ್ಕೊಂಡು ಬರ್ತೀನಿ. ಮೊಟ್ಟೆ ವಾಸನೆ ಹೊತ್ಕೊಂಡು ಮಾಲೀಕರ ಮುಂದೆ ಹೋಗೋದು ಬೇಡ."

ಮೂವತ್ತು ವರ್ಷದಿಂದ ಅವರು ಮೊಟ್ಟೆ ವಾಸನೆ ಹೊತ್ತುಕೊಂಡೇ ಮಾಲೀಕರ ಮುಂದೆ ಹೋಗುತ್ತಿದ್ದರು.

ಮಾಲೀಕರು ಲೇಬಲ್ಲಿನ ಮಾದರಿಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು. ದೊಡ್ಡಕ್ಕನ ಸಹಿ ಬಂಗಾರದ ಬಣ್ಣದಲ್ಲಿ ಬಂದಿತ್ತು. ನಾನು ಹೇಳಿದೆ. ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮಂಡಿಸುವ ಹಾಗೆ, ಮೊದಲು ವಿಧಾನ, ಆಮೇಲೆ ದೋಷ. ಅವರು ಕೊನೆಯವರೆಗೂ ಕೇಳಿದರು.

"ನನಗೆ ಅರ್ಥ ಆದ ಹಾಗೆ ಹೇಳ್ತೀನಿ, ತಪ್ಪಿದ್ರೆ ತಿದ್ದು. ನಿನ್ನ ಕೆನ್ನೆ ಇಳೀತು. ಅದಕ್ಕೇ ಊರವರ ಕೆನ್ನೆ ಏರ್ತು."

"ಹೌದು."

"ಇದನ್ನ ಡಬ್ಬಿ ಮೇಲೆ ಬರೆಸೋಕಾಗಲ್ಲ."

"ಇಲ್ಲ."

ಅವರು ದೊಡ್ಡಕ್ಕನ ಕಡೆ ತಿರುಗಿದರು. "ದೊಡ್ಡಕ್ಕ, ನೀವೇನಂತೀರಿ? ಲೇಬಲ್ ಹೋಗ್ಲಾ?"

ಮಾಲೀಕರು ಕ್ರೂರಿಯಲ್ಲ. ಹೋಗಲಿ ಎಂದಿದ್ದರೆ ಕಳಿಸಿಬಿಡುತ್ತಿದ್ದರು, ಮತ್ತೆ ಆ ವಿಷಯ ಎತ್ತುತ್ತಲೂ ಇರಲಿಲ್ಲ. ದೊಡ್ಡಕ್ಕ ಸಹಿಯನ್ನು ಬಗ್ಗಿ ನೋಡಿದರು.

"ರಬ್ಬರ್ ಬಿಲ್ಲೆ ತರಿಸಿ," ಎಂದರು.

ಬಿಲ್ಲೆ ಬಂತು. ಹೊಳೆಯುವ ಕರಿ ಬಿಲ್ಲೆ, ಒಂದು ವೆಲ್ವೆಟ್ ಪೆಟ್ಟಿಗೆಯಲ್ಲಿ. ಸ್ಕ್ರೂವನ್ನು ಅದಕ್ಕೆ ಸರಿಯಾಗಿ ಹಿಂದಕ್ಕೆ ತಿರುಗಿಸಿದೆವು. ಹೆಂಗಸರನ್ನು ಮತ್ತೆ ಕರೆದೆವು. ಬ್ಯಾಂಕಿನವಳ ಕೆನ್ನೆ ಮೊದಲಿನ ಜಾಗಕ್ಕೆ ಬಂದು ಕೂತಿತು. ಹೂವಿನ ಅಂಗಡಿಯವಳದೂ. ಅವಳಿಗಳು ಈಗ ಸಮ ಬಂದರು, ರಾಜಿಯಾಯಿತು. ಒಬ್ಬಿಬ್ಬರದು ಒಂದು ಏರಿತ್ತು. ಅಷ್ಟಕ್ಕೆ ಗ್ಲಿಸರಿನ್ ಸಾಕು. ಪ್ರತಿ ಅಂಕಿಗೂ ದೊಡ್ಡಕ್ಕ "ಹೂಂ" ಎಂದರು, ಮೊದಲಿನ ಹಾಗೆಯೇ.

ಕೊನೆಗೆ ಡ್ರಿಲ್ ಟೀಚರ್. ಅವರ ಕೆನ್ನೆ ಕೂಡ ಇದ್ದಲ್ಲಿಗೆ ಹೋಯಿತು.

"ಗಟ್ಟಿಯಾಗಿದೆ ಅಂದಿದ್ಯಲ್ಲ," ಎಂದರು ನನಗೆ.

"ತಪ್ಪಾಗಿತ್ತು."

"ಹೋಗ್ಲಿ ಬಿಡು, ಎರಡು ದಿನ ಖುಷಿಯಾಗಿದ್ದೆ. ನಮ್ಮ ಓಣಿಯವರಿಗೆಲ್ಲ ಹೇಳ್ಕೊಂಡು ಬಂದಿದೀನಿ, ಈಗ ವಾಪಸ್ ಹೋಗಿ ಹೇಳ್ಬೇಕಾ?"

"ಮೇಡಂ, ಸ್ವಲ್ಪ ಶೂ ಬಿಚ್ತೀರಾ?" ಎಂದರು ದೊಡ್ಡಕ್ಕ.

ಟೀಚರ್ ಬಿಚ್ಚಿದರು. ದೊಡ್ಡಕ್ಕ ಕಷ್ಟಪಟ್ಟು ನೆಲದ ಮೇಲೆ ಕೂತು, ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು. ನನ್ನ ಗಲ್ಲವನ್ನು ನೋಡಿದ ಹಾಗೆಯೇ. ಹಿಮ್ಮಡಿ ನುಣ್ಣಗಿತ್ತು.

"ಮೊದಲು ಹೇಗಿತ್ತು?"

"ಮೊದಲಾ? ಬೆರಳು ತೂರೋ ಅಷ್ಟು ಬಿರುಕು. ಹಾಸಿಗೆ ಹರಿದು ಹೋಗ್ತಿತ್ತು."

ದೊಡ್ಡಕ್ಕ ತಲೆ ಎತ್ತಲಿಲ್ಲ. "ಎರಡಕ್ಕೂ ಹಚ್ಚಿದ್ರಾ?"

"ಎರಡಕ್ಕೂ. ಇನ್ನೇನು, ಒಂದು ಕಾಲಿಗೆ ಹಚ್ಚಿ ಇನ್ನೊಂದನ್ನ ಬಿಡ್ತಾರಾ?"

"ಬಿಟ್ಟಿದ್ರೆ ಒಳ್ಳೇದಿತ್ತು," ಎಂದರು ದೊಡ್ಡಕ್ಕ. "ಎರಡಕ್ಕೂ ಹಚ್ಚಿದ್ರೆ ಏನೂ ಹೇಳೋಕೆ ಬರಲ್ಲ. ಕಾಲುಚೀಲಾನೂ ಇರ್ಬಹುದು, ಗ್ಲಿಸರಿನ್ನೂ ಇರ್ಬಹುದು." ಅವರು ನನ್ನ ಕೈ ಹಿಡಿದು ಎದ್ದರು. ಎದ್ದ ಮೇಲೆ ಒಂದು ಗಳಿಗೆ ಕೈ ಬಿಡಲಿಲ್ಲ, ಮಂಡಿ ನೋವಿರಬೇಕು.

ಮಾಲೀಕರು ಮಾತಿಗೆ ತಪ್ಪಲಿಲ್ಲ. ಡಬ್ಬಿಗೆ ಹೊರಗಿನಿಂದ ಕೊಂಡ ಏನನ್ನೋ ತುಂಬಿಸಿದರು, ಸಹಿ ಇಲ್ಲದ ಲೇಬಲ್ ಹಾಕಿಸಿದರು. ಬೇಕರಿಯವನಿಗೆ ಸಿಪ್ಪೆ ಬೇಡ ಎಂದು ಹೇಳಿ ಕಳಿಸಿದಾಗ, ಇನ್ನು ಮೇಲೆ ನಾನಿದನ್ನು ಎಲ್ಲಿ ಎಸೆಯಲಿ ಎಂದು ಅವನು ಬೇಜಾರು ಮಾಡಿಕೊಂಡ. ಉಳಿದ ಹಳದಿ ನೀರನ್ನು ದೊಡ್ಡಕ್ಕ ತಾವೇ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದರು. ನಾನು ನಲ್ಲಿ ಬಿಟ್ಟೆ. ನನ್ನ ಮೇಲೆ ಅವರು ಮುನಿಸಿಕೊಂಡಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಮುನಿಸಿಕೊಂಡರೆ ಗೊತ್ತಾಗುವವರಲ್ಲ. ದಿನಾ ಮಧ್ಯಾಹ್ನ ತಮ್ಮ ಊಟದ ಡಬ್ಬಿಯ ಅರ್ಧವನ್ನು ಕೇಳದೆಯೇ ನನ್ನ ಮುಚ್ಚಳಕ್ಕೆ ಹಾಕುತ್ತಿದ್ದರು, ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿರುತ್ತಿದ್ದರು. ಒಂದು ದಿನ ಉಪ್ಪು ಜಾಸ್ತಿಯಾಗಿದೆ ಎಂದೆ. ಅವರು ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು ರುಚಿ ನೋಡಿ, "ಹೌದು," ಎಂದರು.

ಅವರ ಕೆಲಸದ ಕೊನೆಯ ದಿನ ಎಲ್ಲರೂ ಸೇರಿ ಒಂದು ಕೈಗಡಿಯಾರ ಕೊಟ್ಟೆವು. ಮಾಲೀಕರು ಮಾತನಾಡಿದರು. ಬೂಟ್ ಪಾಲಿಶಿನಿಂದ ಶುರುಮಾಡಿದ್ದರಿಂದ ದೊಡ್ಡಕ್ಕನವರೆಗೆ ಬರಲು ಹೊತ್ತಾಯಿತು. ಎಲ್ಲರೂ ಹೋದ ಮೇಲೆ ದೊಡ್ಡಕ್ಕ ಪ್ರಯೋಗಾಲಯಕ್ಕೆ ಬಂದು, ತಮ್ಮ ಚೀಲವನ್ನು ಮೇಜಿನ ಮೇಲಿಟ್ಟು, ಯಂತ್ರದ ಸ್ವಿಚ್ ಹಾಕಿದರು.

"ಕೂತ್ಕೋ."

ಬಿಲ್ಲೆ ಬಂದಾಗಿನಿಂದ ಯಾರೂ ನನ್ನನ್ನು ಅಳೆದಿರಲಿಲ್ಲ. ಕೂತೆ. ತೂತು ಕೆನ್ನೆಯನ್ನು ಎಳೆದು, ಹಿಡಿದು, ಬಿಟ್ಟಿತು.

ಅವರು ಪರದೆ ನೋಡಿದರು. "ಬಿಲ್ಲೆ ಕೊಡು," ಎಂದರು. ನನ್ನನ್ನೇ ಕರೆದರೆಂದು ತಲೆ ಎತ್ತಿದೆ. ರಬ್ಬರ್ ಬಿಲ್ಲೆಯ ಪೆಟ್ಟಿಗೆ ತೆಗೆದು ಕೊಟ್ಟೆ. ಅದನ್ನು ಅಳೆದರು, ಬರಬೇಕಾದ ಅಂಕಿಯೇ ಬಂತು. ಮತ್ತೆ ನನ್ನನ್ನು ಅಳೆದರು.

"ಎಪ್ಪತ್ತೇಳು."

"ಎರಡು ಏರಿದೆ," ಎಂದೆ.

"ಏನ್ ಹಚ್ದೆ?"

"ಏನೂ ಹಚ್ಚಿಲ್ಲ."

"ಹೋಲಿಸೋಕೆ ನಿನ್ನಂಥ ಇನ್ನೊಬ್ಬಳಿಲ್ಲ. ಹಾಗಾಗಿ ಯಾಕೆ ಅಂತ ಹೇಳೋಕಾಗಲ್ಲ," ಎಂದರು ದೊಡ್ಡಕ್ಕ. ಯಂತ್ರ ಆರಿಸಿ, ಕೊಳವೆಯ ತುದಿಯನ್ನು ಹತ್ತಿಯಿಂದ ಒರೆಸಿ ಅದರ ಜಾಗದಲ್ಲಿಟ್ಟು, ಚೀಲ ಎತ್ತಿಕೊಂಡರು.